ಟೇಪ್ ಓಡುತ್ತಿತ್ತು, ನುಡಿಸುವವರಿಗೆ ಗೊತ್ತಿರಲಿಲ್ಲ

ಅದು 1962ನೇ ಇಸವಿ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರ. ಮೆಕ್‌ಲೆಮೋರ್ ಅವೆನ್ಯೂ ಅನ್ನೋ ರಸ್ತೆಯಲ್ಲಿ ಸಿನಿಮಾ ನಿಂತುಹೋದ ಒಂದು ಹಳೇ ಟಾಕೀಸು. ಕುರ್ಚಿಗಳನ್ನು ಕಿತ್ತುಹಾಕಿದ್ದಾರೆ, ಆದರೆ ನೆಲ ಇನ್ನೂ ಇಳಿಜಾರಾಗೇ ಇದೆ. ಪರದೆ ಇದ್ದ ಜಾಗದಲ್ಲಿ ಈಗ ರೆಕಾರ್ಡಿಂಗ್ ಯಂತ್ರ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಮಾರುತ್ತಿದ್ದ ಕೌಂಟರಿನಲ್ಲಿ ಗ್ರಾಮಫೋನ್ ರೆಕಾರ್ಡುಗಳ ಅಂಗಡಿ. ಇದು ಸ್ಟ್ಯಾಕ್ಸ್ ಸ್ಟುಡಿಯೋ.

ಇದರ ಯಜಮಾನರು ಯಾರು ಅಂದುಕೊಂಡಿರಿ? ಸಂಗೀತ ಲೋಕದ ದಿಗ್ಗಜರೇನಲ್ಲ. ಜಿಮ್ ಸ್ಟುವರ್ಟ್ ಅಂತ ಒಬ್ಬ ಬ್ಯಾಂಕ್ ನೌಕರ, ಬಿಡುವಿನಲ್ಲಿ ಪಿಟೀಲು ನುಡಿಸುತ್ತಿದ್ದವನು. ಜೊತೆಗೆ ಅವನ ಅಕ್ಕ ಎಸ್ಟೆಲ್ ಆಕ್ಸ್‌ಟನ್. ರೆಕಾರ್ಡಿಂಗ್ ಯಂತ್ರ ಕೊಳ್ಳೋದಕ್ಕೆ ಆಕೆ ತನ್ನ ಮನೆಯನ್ನೇ ಅಡವಿಟ್ಟಿದ್ದಳು! ಇಬ್ಬರ ಅಡ್ಡಹೆಸರಿನ ಮೊದಲಕ್ಷರಗಳು ಸೇರಿದ್ದೇ ಸ್ಟ್ಯಾಕ್ಸ್.

ಆವತ್ತು ಬಿಲ್ಲಿ ಲೀ ರೈಲಿ ಎಂಬ ಗಾಯಕನ ರೆಕಾರ್ಡಿಂಗ್‌ಗೆ ಅಂತ ನಾಲ್ವರು ವಾದ್ಯಗಾರರು ಬಂದಿದ್ದರು. ಆರ್ಗನ್ ಮುಂದೆ ಬುಕರ್ ಟಿ. ಜೋನ್ಸ್. ವಯಸ್ಸು ಬರೀ 17, ಇನ್ನೂ ಹೈಸ್ಕೂಲ್ ಹುಡುಗ. ಗಿಟಾರ್ ಹಿಡಿದವನು ಸ್ಟೀವ್ ಕ್ರಾಪರ್. ಬೇಸ್ ಗಿಟಾರಿಗೆ ಲೂಯಿ ಸ್ಟೈನ್‌ಬರ್ಗ್, ಡ್ರಮ್ಸ್‌ಗೆ ಆಲ್ ಜಾಕ್ಸನ್ ಜೂನಿಯರ್. ರೈಲಿಯ ರೆಕಾರ್ಡಿಂಗ್ ಯಾಕೋ ಆವತ್ತು ದಡ ಸೇರಲಿಲ್ಲ. ಸ್ಟುಡಿಯೋ ಇದೆ, ವಾದ್ಯ ಇದೆ, ಸಮಯ ಇದೆ. ಏನು ಮಾಡೋದು? ಎಲ್ಲ ಸ್ಟುಡಿಯೋ ವಾದ್ಯಗಾರರು ಮಾಡುವುದನ್ನೇ ಇವರೂ ಮಾಡಿದರು. ಸುಮ್ಮನೆ ಒಂದು ನಿಧಾನಗತಿಯ ಬ್ಲೂಸ್ ಎತ್ತಿಕೊಂಡರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಬ್ಲೂಸೇ ಯಾಕೆ?

ಸ್ಟುಡಿಯೋ ಕೆಲಸ ಹೊರಗಿನಿಂದ ಕಂಡಷ್ಟು ಮೋಜಿನದಲ್ಲ ಸ್ವಾಮಿ. ಅದೇ ಹಾಡು, ಅದೇ ಸಾಲು, ಹತ್ತು ಸಲ, ಇಪ್ಪತ್ತು ಸಲ. ಗಾಯಕ ತಪ್ಪಿದರೆ ಮತ್ತೆ ಮೊದಲಿಂದ. ಮೈಕ್ ಸರಿಮಾಡಬೇಕು ಅಂದ್ರೆ ಅರ್ಧ ಗಂಟೆ ಕಾಯಬೇಕು. ಕೈ ಮರಗಟ್ಟುತ್ತೆ, ತಲೆ ಕೆಡುತ್ತೆ. ಆಗ ಬೇಕಾಗೋದು ಏನು? ಕಾಗದ ನೋಡದೆ, ಯಾರ ಅಪ್ಪಣೆಗೂ ಕಾಯದೆ ನುಡಿಸಬಹುದಾದ ಒಂದು ಸಂಗೀತ. ಬ್ಲೂಸ್ ಅಂಥದ್ದು. ಮೂರು ಸ್ವರಗುಚ್ಛ, 12 ಅಳತೆಗಳ ಒಂದು ಸುತ್ತು, ಅಷ್ಟೇ. ಭಜನೆಗೆ ಕೂತವರಿಗೆ ಮುಂದಿನ ಸಾಲು ಎಲ್ಲಿ ತಿರುಗುತ್ತೆ ಅಂತ ಹೇಳಿಕೊಡಬೇಕೇ? ಹಾಗೇ ಇದೂ. ಒಬ್ಬ ಶುರು ಮಾಡಿದರೆ ಉಳಿದವರು ಬಂದು ಸೇರಿಕೊಳ್ಳುತ್ತಾರೆ. ಮುಖ್ಯವಾದ ಮಾತು ಇನ್ನೊಂದಿದೆ: ದಿನವಿಡೀ ಇನ್ನೊಬ್ಬರ ಹಾಡಿಗೆ ಹಿನ್ನೆಲೆಯಾಗುವ ಈ ಜನ ತಮಗೋಸ್ಕರ ನುಡಿಸುತ್ತಿದ್ದದ್ದು ಆ ಬಿಡುವಿನಲ್ಲಿ ಮಾತ್ರ.

ಕಂಟ್ರೋಲ್ ರೂಮಿನಲ್ಲಿದ್ದ ಜಿಮ್ ಸ್ಟುವರ್ಟ್ ಇದನ್ನು ಕೇಳಿಸಿಕೊಂಡ. ಬೇರೆ ಯಜಮಾನ ಆಗಿದ್ದರೆ 'ಟೈಮ್ ವೇಸ್ಟ್ ಮಾಡಬೇಡಿ' ಅಂತ ಲೈಟ್ ಆರಿಸಿ ಮನೆಗೆ ಹೋಗುತ್ತಿದ್ದನೇನೋ. ಈತ ಬಟನ್ ಒತ್ತಿದ. ಟೇಪ್ ಓಡತೊಡಗಿತು. ನುಡಿಸುವವರಿಗೆ ಗೊತ್ತೇ ಇಲ್ಲ!

ಆ ತುಣುಕಿಗೆ ಆಮೇಲೆ 'ಬಿಹೇವ್ ಯುವರ್‌ಸೆಲ್ಫ್' ಅಂತ ಹೆಸರಿಟ್ಟರು. ರೆಕಾರ್ಡಿಗೆ ಎರಡು ಬದಿ ಇರುತ್ತಲ್ಲ, ಇನ್ನೊಂದು ಬದಿಗೂ ಏನಾದರೂ ಬೇಕಲ್ಲ? ಬುಕರ್ ಟಿ. ಹತ್ತಿರ ಒಂದು ಸಣ್ಣ ಆರ್ಗನ್ ತುಣುಕಿತ್ತು. ಅದೂ ಬ್ಲೂಸೇ. ಅದನ್ನು ನುಡಿಸಿದರು. ಹೆಸರು 'ಗ್ರೀನ್ ಆನಿಯನ್ಸ್'. ಅಂದ್ರೆ ಈರುಳ್ಳಿ ಸೊಪ್ಪು! ಬದಿ ತುಂಬಿಸೋಕೆ ಅಂತ ಮಾಡಿದ ಈ ಈರುಳ್ಳಿ ಸೊಪ್ಪೇ ಜನರ ನಾಲಿಗೆಗೆ ಹತ್ತಿತು. ಕಂಪನಿ ಅದನ್ನೇ ಮುಂದಿನ ಬದಿ ಮಾಡಿ ಮತ್ತೆ ಬಿಡುಗಡೆ ಮಾಡಿತು. ಅದೇ ವರ್ಷ ಅಮೆರಿಕದ ರಿದಂ ಅಂಡ್ ಬ್ಲೂಸ್ ಪಟ್ಟಿಯಲ್ಲಿ ನಂಬರ್ 1, ಪಾಪ್ ಪಟ್ಟಿಯಲ್ಲಿ ನಂಬರ್ 3. ಮಾತಿಲ್ಲ, ಹಾಡುಗಾರನಿಲ್ಲ. 1973ರಲ್ಲಿ ಬಂದ 'ಅಮೆರಿಕನ್ ಗ್ರಾಫಿಟಿ' ಸಿನಿಮಾದಲ್ಲೂ ಅದು ಕೇಳಿಸುತ್ತೆ.

ಆದರೆ ಈ ನಾಲ್ವರು ಕೂತಿದ್ದು ಎಂಥಾ ಊರಿನಲ್ಲಿ ಅನ್ನೋದನ್ನು ನೋಡಿ. ಬುಕರ್ ಟಿ., ಜಾಕ್ಸನ್, ಸ್ಟೈನ್‌ಬರ್ಗ್ ಕರಿಯರು. ಕ್ರಾಪರ್ ಬಿಳಿಯ. ಮೆಂಫಿಸ್‌ನಲ್ಲಿ ಆಗ ಶಾಲೆಗಳೇ ಬೇರೆ ಬೇರೆ. 1961ರಲ್ಲಷ್ಟೇ 13 ಕರಿಯ ಮಕ್ಕಳನ್ನು ಮೊದಲ ಸಲ ಬಿಳಿಯರ ಶಾಲೆಗಳಿಗೆ, ಅದೂ ಒಂದನೇ ಕ್ಲಾಸಿಗೆ ಮಾತ್ರ, ಸೇರಿಸಿಕೊಂಡಿದ್ದರು. ಹೊರಗೆ ಒಂದೇ ಟೇಬಲ್ಲಿನಲ್ಲಿ ಕೂತು ಊಟ ಮಾಡೋದೇ ಕಷ್ಟ ಇದ್ದವರು ಒಳಗೆ ಒಂದೇ ತಾಳಕ್ಕೆ ನುಡಿಸುತ್ತಿದ್ದರು. ಕಾನೂನು ಬರುವುದಕ್ಕೆ ಮುಂಚೆ ಅಲ್ಲಿ ತಾಳ ಬಂದಿತ್ತು.

ಈಗ ಅಸಲಿ ಪ್ರಶ್ನೆಗೆ ಬರ್ತೀನಿ. ಬಿಡುವಿನಲ್ಲಿ, ಸಂಬಳದ ಲೆಕ್ಕಕ್ಕೆ ಸೇರದ ಹೊತ್ತಿನಲ್ಲಿ ಹುಟ್ಟಿದ ಸಂಗೀತ ಯಾರದ್ದು? ಯಂತ್ರ ಯಜಮಾನನದ್ದು, ಟೇಪು ಯಜಮಾನನದ್ದು. ಬೆರಳು ಮಾತ್ರ ವಾದ್ಯಗಾರನದ್ದು.

'ಗ್ರೀನ್ ಆನಿಯನ್ಸ್' ವಿಷಯದಲ್ಲಿ ಒಂದು ಒಳ್ಳೇ ಕೆಲಸ ಆಯ್ತು. ರಚಿಸಿದವರು ಅಂತ ನಾಲ್ವರ ಹೆಸರೂ ದಾಖಲಾಯಿತು. ಆರ್ಗನ್ ಹುಡುಗನದ್ದು ಮಾತ್ರ ಅಲ್ಲ, ಡ್ರಮ್ಸ್ ಬಾರಿಸಿದವನದ್ದೂ. ಇದು ಸಣ್ಣ ಮಾತಲ್ಲ. ಯಾಕೆ ಅಂತೀರಾ? ಅದೇ ಕಾಲದ ಡೆಟ್ರಾಯಿಟ್ ನಗರಕ್ಕೆ ಬನ್ನಿ. ಅಲ್ಲಿ ಮೋಟೌನ್ ಎಂಬ ದೈತ್ಯ ಕಂಪನಿ. ಅದರ ಸ್ಟುಡಿಯೋ ವಾದ್ಯಗಾರರಿಗೆ ಫಂಕ್ ಬ್ರದರ್ಸ್ ಅಂತ ಹೆಸರು. ಹಗಲು ಸ್ಟುಡಿಯೋ, ರಾತ್ರಿ ಕ್ಲಬ್ಬುಗಳಲ್ಲಿ ಜಾಝ್. ರಾತ್ರಿ ಮನಸ್ಸು ಬಿಚ್ಚಿ ನುಡಿಸಿದ್ದರ ರುಚಿಯೆಲ್ಲ ಹಗಲಿನ ಹಾಡುಗಳಿಗೆ ಇಳಿಯುತ್ತಿತ್ತು. ಆ ಹಾಡುಗಳು ಪ್ರಪಂಚ ಸುತ್ತಿದವು. ನುಡಿಸಿದವರ ಹೆಸರು? 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂ ಬರುವವರೆಗೆ ಕವರಿನ ಮೇಲೆ ಇರಲೇ ಇಲ್ಲ! ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. ಇವರಲ್ಲಿ ಹೆಚ್ಚಿನವರು ಡೆಟ್ರಾಯಿಟ್‌ನಲ್ಲೇ ಉಳಿದರು. ಇವರ ಕಥೆ ಹೇಳುವ ಒಂದು ಸಾಕ್ಷ್ಯಚಿತ್ರ ಬಂದಿದ್ದು 2002ರಲ್ಲಿ. ಬೇಸ್ ಗಿಟಾರಿನ ಮಾಂತ್ರಿಕ ಜೇಮ್ಸ್ ಜೇಮರ್ಸನ್ ಅದನ್ನು ನೋಡಲಿಲ್ಲ. ಅವರು ತೀರಿಕೊಂಡಿದ್ದು 1983ರಲ್ಲಿ.

ಹಾಗಾದರೆ ಸ್ಟ್ಯಾಕ್ಸ್ ಕಥೆ ಸುಖಾಂತ್ಯವೇ? ಇಲ್ಲ. 1965ರಲ್ಲಿ ಜಿಮ್ ಸ್ಟುವರ್ಟ್ ತನ್ನ ರೆಕಾರ್ಡುಗಳನ್ನು ದೇಶಾದ್ಯಂತ ಮಾರುತ್ತಿದ್ದ ಅಟ್ಲಾಂಟಿಕ್ ಕಂಪನಿ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡ. ಅದರೊಳಗಿನ ಒಂದು ಷರತ್ತನ್ನು ಸರಿಯಾಗಿ ಓದದೇ ಸಹಿ ಹಾಕಿದ. 1968ರಲ್ಲಿ ಸಂಬಂಧ ಮುರಿದಾಗ ಗೊತ್ತಾಯಿತು, ಅಲ್ಲಿಯವರೆಗೆ ಅವರು ಮಾರಿಕೊಟ್ಟಿದ್ದ ಅಷ್ಟೂ ಹಾಡುಗಳ ಮೂಲ ಟೇಪುಗಳು ಅಟ್ಲಾಂಟಿಕ್‌ನದ್ದು! ಅದೇ ವರ್ಷ ಏಪ್ರಿಲ್ 4ಕ್ಕೆ ಇನ್ನೊಂದು ಪೆಟ್ಟು. ಮೆಂಫಿಸ್‌ನ ಲೊರೇನ್ ಮೋಟೆಲ್ ಈ ಸ್ಟುಡಿಯೋದವರಿಗೆ ಎರಡನೇ ಮನೆ. ಕರಿಯರು ಬಿಳಿಯರು ಒಟ್ಟಿಗೆ ಕೂತು ಹಾಡು ಕಟ್ಟುತ್ತಿದ್ದ ಜಾಗ. ಆ ಮೋಟೆಲಿನ ಬಾಲ್ಕನಿಯಲ್ಲೇ ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದರು. 1975ರ ಕೊನೆಗೆ ಸ್ಟ್ಯಾಕ್ಸ್ ದಿವಾಳಿ. 1989ರಲ್ಲಿ ಆ ಟಾಕೀಸನ್ನೂ ಕೆಡವಿದರು. ಅದೇ ಜಾಗದಲ್ಲಿ 2003ರಲ್ಲಿ ಒಂದು ಮ್ಯೂಸಿಯಂ ಎದ್ದಿತು.

ಆದರೆ ಗಮನಿಸಿ. ಟೇಪಿನ ಹಕ್ಕು ಬೇರೆ, ರಚನೆಯ ಹಕ್ಕು ಬೇರೆ. ಟೇಪು ಕಳೆದುಕೊಂಡಿದ್ದು ಕಂಪನಿ. ರಚನೆಕಾರರ ಪಟ್ಟಿಯಿಂದ ಆ ನಾಲ್ವರ ಹೆಸರು ಅಳಿಸಲಿಲ್ಲ. ಬಟನ್ ಒತ್ತಿದ್ದಕ್ಕೆ ಸಂಗೀತ ಉಳೀತು, ನಿಜ. ಆದರೆ ಅದು ಇಂಥವರದ್ದು ಅಂತ ಇವತ್ತಿಗೂ ಹೇಳೋಕೆ ಆಗ್ತಿರೋದು ಲೇಬಲ್ಲಿನ ಮೇಲೆ ಅಚ್ಚಾದ ಆ ಸಣ್ಣ ಅಕ್ಷರಗಳಿಂದ. ಹಾಡು ಕೇಳುವಾಗ ಹಾಡಿದವರ ಹೆಸರು ನಾವೆಲ್ಲ ಓದ್ತೀವಿ. ಇನ್ನು ಮುಂದೆ ಅದರ ಕೆಳಗಿನ ಸಾಲನ್ನೂ ಓದೋಣ.