ಅಂಗಡಿಯಲ್ಲಿ ಕೂರುವವರು ಯಾರು?

ಇವತ್ತಿನ ಮಾತು ಒಂದು ಸ್ಟೂಲಿನ ಬಗ್ಗೆ. ನಗಬೇಡಿ, ಅದಕ್ಕೂ ಇತಿಹಾಸ ಇದೆ.

ಹೈದರಾಬಾದಿನ ಪತ್ಥರ್‌ಗಟ್ಟಿ ಕಡೆ ಹಳೇ ಬಟ್ಟೆ ಅಂಗಡಿ ನೋಡಿದವರಿಗೆ ಗೊತ್ತಿರುತ್ತೆ. ಬಿಳಿ ಬಟ್ಟೆ ಹಾಸಿದ ಗಾದಿ, ಅದರ ಮೇಲೆ ಯಜಮಾನ, ಪಕ್ಕದಲ್ಲೇ ಸೀರೆ ಬಿಚ್ಚಿ ತೋರಿಸುವ ಹುಡುಗ, ಎದುರಿಗೆ ಗಿರಾಕಿ. ಎಲ್ಲರೂ ಕೂತೇ ವ್ಯಾಪಾರ. ಆ ಹುಡುಗನಿಗೆ ಸಂಬಳ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ; ಹಿಂದಿನದೆಲ್ಲ ಚೆಂದ ಅನ್ನೋರ ಪೈಕಿ ನಾನಲ್ಲ. ಆದರೆ ಅಲ್ಲಿ ಕೂರುವುದು ಕೆಲಸದ ಒಂದು ಭಾಗವೇ ಆಗಿತ್ತು.

ಗಿರಾಕಿ ಎದ್ದು ನಡೆಯೋಕೆ ಶುರು ಮಾಡಿದ ಮೇಲೆ ಲೆಕ್ಕ ಬದಲಾಯಿತು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಅನ್ನೋ ಅಂಗಡಿ ತೆರೆದು, ಬುಟ್ಟಿಯನ್ನ ಗಿರಾಕಿಯ ಕೈಗೇ ಕೊಟ್ಟ. ನಮ್ಮಲ್ಲಿ ಆ ಪದ್ಧತಿ ದೊಡ್ಡ ಮಟ್ಟದಲ್ಲಿ ಮನೆಮಾತಾಗಿದ್ದು 2001ರಲ್ಲಿ, ಕಿಶೋರ್ ಬಿಯಾನಿಯವರ ಬಿಗ್ ಬಜಾರ್ ಕೋಲ್ಕತ್ತ, ಬೆಂಗಳೂರು, ಹೈದರಾಬಾದಿನಲ್ಲಿ ಬಾಗಿಲು ತೆರೆದಾಗ. 2006ರ ಜನವರಿ 26ಕ್ಕೆ ‘ಸಬ್ಸೆ ಸಸ್ತಾ ದಿನ್’ ಅಂತ ಮಾಡಿದಾಗ ಸೇರಿದ ಜನರನ್ನ ತಡೆಯೋಕೇ ಆಗಲಿಲ್ಲ. ಜನಜಂಗುಳಿಯ ಫೋಟೋ ನಾವೆಲ್ಲ ನೋಡಿದೀವಿ. ಅವತ್ತು ಬಿಲ್ ಹೊಡೆದವರ ಕಾಲಿನ ಫೋಟೋ ಯಾರೂ ತೆಗೆದ ಹಾಗಿಲ್ಲ.

ನನಗೆ ಆ ಕಾಲು ಕಂಡಿದ್ದು ಹೀಗೆ. ಎಂಟೆಕ್ ಮುಗಿಸಿ ಸೇರಿದ ಕೆಲಸದಲ್ಲಿ ನಾವು ಒಂದು ದೊಡ್ಡ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೀತಿದ್ವಿ. ಹೆಸರು ಬೇಡ. ನಾನು ಬರೆದದ್ದು ಒಂದು ರಿಪೋರ್ಟ್: ಕ್ಯಾಷಿಯರ್ ನಿಮಿಷಕ್ಕೆ ಎಷ್ಟು ಐಟಂ ಸ್ಕ್ಯಾನ್ ಮಾಡಿದರು, ಎಷ್ಟು ಹೊತ್ತು ಸ್ಕ್ಯಾನ್ ಆಗಲಿಲ್ಲ. ಆಗದ ಹೊತ್ತಿಗೆ ‘ಐಡಲ್’ ಅಂತ ಕಾಲಂ ಹೆಸರು, ಕೆಂಪು ಬಣ್ಣ. ಟೆಸ್ಟಿಂಗ್‌ಗೆ ಅಂತ ವಾರವಿಡೀ ಕೌಂಟರ್ ಪಕ್ಕದಲ್ಲಿದ್ದೆ. ನನಗೆ ಮಾತ್ರ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟಿದ್ದರು. ಕ್ಯಾಷಿಯರ್ ಹುಡುಗಿ ಜಹೀರಾಬಾದ್ ಕಡೆಯವಳು, ಮನೆಯಲ್ಲಿ ನಮ್ಮ ಬೀದರ್ ಕನ್ನಡ. ಮೂರನೇ ದಿನ ಪರದೆ ನೋಡಿ ಕೇಳಿದಳು: “ಅಣ್ಣಾ, ನಿಮ್ಮ ಮಷೀನಿಗಿ ಬೆರಳು ನಿಂತಿದ್ದಷ್ಟೇ ಕಾಣ್ತದ, ಕಾಲು ನಿಂತಿದ್ದು ಕಾಣಂಗಿಲ್ಲ ಏನ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದ್ತಾ ಹೋದೆ.

ಬ್ರಿಟನ್ನಿನಲ್ಲಿ ಈ ಪ್ರಶ್ನೆಗೆ 1899ರಲ್ಲೇ ಕಾನೂನು ಬಂದಿತ್ತು: ಅಂಗಡಿಯಲ್ಲಿ ಮೂವರು ಹೆಣ್ಣುಮಕ್ಕಳಿಗೆ ಕನಿಷ್ಠ ಒಂದು ಆಸನ ಇಡಬೇಕು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ ಇನ್ನೂ ಸ್ವಾರಸ್ಯ. ನಿಂತು ದುಡಿಯುವವರಿಗೆ ಕೂರುವ ಏರ್ಪಾಡು ಇರಬೇಕು, ಕೆಲಸದ ನಡುವೆ ಸಿಗುವ ಬಿಡುವನ್ನ ಅವರು ಬಳಸಿಕೊಳ್ಳುವ ಹಾಗಿರಬೇಕು ಅನ್ನುತ್ತಿತ್ತು ಅದು. ಅಂದರೆ ಕಾನೂನು ವಿಶ್ರಾಂತಿ ಅಂದ ಹೊತ್ತನ್ನೇ ನಾನು ಕೆಂಪು ಬಣ್ಣದಲ್ಲಿ ತೋರಿಸಿದ್ದೆ. ಆದರೆ ಆ ಕಲಂ ಇದ್ದದ್ದು ಕಾರ್ಖಾನೆಗೆ. ಅಂಗಡಿ ಕಾರ್ಖಾನೆ ಅಲ್ಲವಲ್ಲ!

ಅಂಗಡಿಯೊಳಕ್ಕೆ ಸ್ಟೂಲು ತಂದಿದ್ದು ಕೋಯಿಕ್ಕೋಡ್‌ನ ಹೆಂಗಸರು. ಹೊಲಿಗೆ ಕೆಲಸದ ಪಿ. ವಿಜಿ 2009ರಲ್ಲಿ ‘ಪೆಣ್‌ಕೂಟ್ಟು’ ಕಟ್ಟಿದರು. ಅವರ ಮೊದಲ ಬೇಡಿಕೆ ಶೌಚಾಲಯ. ಅದು ಇಲ್ಲ ಅಂತ ಅಂಗಡಿ ಕೆಲಸದ ಹೆಂಗಸರು ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದರು. ಆಮೇಲೆ ಬಂತು ‘ಇರಿಕ್ಕಲ್ ಸಮರಂ’, ಕೂರುವ ಹೋರಾಟ. ಗಿರಾಕಿ ಇಲ್ಲದಾಗ ಕೂರೋಕೆ ಬಿಡಿ ಅಂತ ಕೇಳೋಕೆ ಚಳವಳಿ ಬೇಕಾಯ್ತು ನೋಡಿ. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆ ತಿದ್ದಿತು. 2021ರಲ್ಲಿ ತಮಿಳುನಾಡು 22-ಎ ಕಲಂ ಸೇರಿಸಿತು. ಎರಡೂ ಕಡೆ ಹೆಂಗಸರಿಗೆ ಮಾತ್ರ ಅಲ್ಲ, ಎಲ್ಲ ಕೆಲಸಗಾರರಿಗೂ ಆಸನ.

ಕೇರಳದ ತಿದ್ದುಪಡಿ ಸುದ್ದಿಯಲ್ಲಿದ್ದ ಅದೇ 2018ರ ಆಗಸ್ಟ್ 9ಕ್ಕೆ ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಐಕಿಯಾ ಭಾರತದ ತನ್ನ ಮೊದಲ ಮಳಿಗೆ ತೆರೆಯಿತು. ಸುಮಾರು 4 ಲಕ್ಷ ಚದರಡಿ, ಸಾವಿರ ಜನ ಕೂತು ಉಣ್ಣುವ ಹೋಟೆಲು. ಮೊದಲ ದಿನ ನೂಕುನುಗ್ಗಲು. ನಾನೂ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಒಂದೊಂದೇ ಕುರ್ಚಿಯಲ್ಲಿ ಕೂತು ನೋಡಿ ಬಂದೆ.

ಇನ್ನು ನನ್ನ ರಿಪೋರ್ಟು. ಕಾಲಂ ತೆಗೆಯೋಣ ಅಂತ ಮೀಟಿಂಗ್‌ನಲ್ಲಿ ಒಮ್ಮೆ ಅಂದೆ. ಕ್ಲೈಂಟ್ ಕೇಳಿದ್ದೇ ಅದನ್ನ ಅಂದರು, ಸುಮ್ಮನಾದೆ. ಹೆಸರು ಮಾತ್ರ ‘ಗಿರಾಕಿ ಇಲ್ಲದ ಸಮಯ’ ಅಂತ ಬದಲಾಯಿಸಿ, ಕೆಂಪು ತೆಗೆದೆ. ಯಾರೂ ಗಮನಿಸಲಿಲ್ಲ.

ಹೋದ ತಿಂಗಳು ಅದೇ ಅಂಗಡಿಗೆ ಹೋಗಿದ್ದೆ. ಆ ಹುಡುಗಿ ಈಗ ಅಲ್ಲಿಲ್ಲ. ಅವಳ ಕೌಂಟರ್ ಹಿಂದೆ ಹಾಲಿನ ಕ್ರೇಟೊಂದನ್ನ ಬೋರಲು ಹಾಕಿ, ಮೇಲೆ ರಟ್ಟು ಮಡಿಸಿ ಇಟ್ಟಿದ್ದರು. ಸೂಪರ್‌ವೈಸರ್ ಬರುವಾಗ ಹೊಸ ಹುಡುಗ ಅದನ್ನ ಕಾಲಿಂದ ಮೆಲ್ಲಗೆ ಒಳಗೆ ತಳ್ಳಿದ.