ಕೊಯ್ಯುವಾಗ ಇಲ್ಲದ ಮೈಲಿಗೆ

ಮರಿಯನ್ ಸಿಮ್ಸ್ ಎಂಬ ಬಿಳಿಯ ಡಾಕ್ಟರನನ್ನು ಆಧುನಿಕ ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅಂತ ಕರೆದರು. ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಲ್ಲಿಸಿದರು. ಅವನ ಚಾಕುವಿನ ಕೆಳಗೆ ಮಲಗಿದ್ದವರು ಯಾರು?

ಅನಾರ್ಕಾ, ಬೆಟ್ಸಿ, ಲೂಸಿ. ಅಮೆರಿಕಾದ ಅಲಬಾಮ ರಾಜ್ಯದ ಗುಲಾಮ ಹೆಣ್ಣುಗಳು. ಅನಾರ್ಕಾಗೆ ಆಗ ಸುಮಾರು 17 ವರ್ಷ. 1845ರಲ್ಲಿ 3 ದಿನ ಬೇನೆ ತಿಂದ ಮೇಲೆ ಡಾಕ್ಟರನಿಗೆ ಕರೆ ಹೋಯಿತು. ಹೆರಿಗೆ ಹೀಗೆ ತಡೆದು ನಿಂತರೆ ಮಗುವಿನ ತಲೆ ಒತ್ತಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬೀಳುತ್ತದೆ. ಉಚ್ಚೆ ಹಗಲೂ ರಾತ್ರಿ ಸೋರುತ್ತದೆ. ದುಡಿಯಲಾರದ, ಹೆರಲಾರದ ಗುಲಾಮಳು ಒಡೆಯನಿಗೆ ಲುಕ್ಸಾನು.

ಸಿಮ್ಸ್ ಇವರನ್ನು ಒಡೆಯರಿಂದ ಪಡೆದು ತನ್ನ ಹಿತ್ತಿಲ ಆಸ್ಪತ್ರೆಯಲ್ಲಿ ಇಟ್ಟುಕೊಂಡ. ಹೆಂಗಸರೂ ಒಪ್ಪಿದ್ದರು ಅಂತ ಬರೆದುಕೊಂಡ. ಬೇಡ ಅನ್ನುವ ಹಕ್ಕೇ ಇಲ್ಲದವಳ ಹೂಂ ಯಾವ ಸೀಮೆ ಹೂಂ? ಅರಿವಳಿಕೆ ಕೊಡದೆ ಕೊಯ್ದ. ಲೂಸಿಯನ್ನು ಕೊಯ್ಯುವಾಗ ಡಾಕ್ಟರುಗಳು ಸುತ್ತ ನಿಂತು ನೋಡಿದರು. ನಂಜೇರಿ ಅವಳು ಸತ್ತು ಬದುಕಿದಳು. ನೋಡುವವರು ಬೇಸತ್ತು ಹೋದ ಮೇಲೆ ಆ ಹೆಂಗಸರೇ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕಾಯಿತು. ಬಾಸ್ಟನ್ನಿನಲ್ಲಿ 1846ರಲ್ಲೇ ಈಥರ್ ಅರಿವಳಿಕೆಯನ್ನು ಎಲ್ಲರೆದುರು ತೋರಿಸಿದ್ದರು. ಆದರೂ 1849ರಲ್ಲಿ ಹೊಲಿಗೆ ನಿಲ್ಲುವ ಹೊತ್ತಿಗೆ ಅನಾರ್ಕಾಳ ಮೇಲೆ ಸುಮಾರು 30 ಸಲ ಚಾಕು ಆಡಿತ್ತು.

ಈ ನೋವಿನಿಂದ ಕಲಿತ ವಿದ್ಯೆ ಕರಿಯ ಬಾಣಂತಿಗೆ ದಕ್ಕಿತೇ? ದಕ್ಷಿಣದ ಹಳ್ಳಿಗಳಲ್ಲಿ ಕರಿಯ ಸೂಲಗಿತ್ತಿಯರು ಬಿಳಿಯರ ಮನೆಗಳಲ್ಲೂ ಹೆರಿಗೆ ಮಾಡಿಸಿದರು. ಆದರೆ 1946ರ ಹಿಲ್-ಬರ್ಟನ್ ಕಾನೂನು ಬಿಳಿಯರಿಗೊಂದು, ಕರಿಯರಿಗೊಂದು ಆಸ್ಪತ್ರೆ ಕಟ್ಟಲು ಸರ್ಕಾರದ ದುಡ್ಡನ್ನೇ ಕೊಟ್ಟಿತು. ಅದನ್ನು ಕೋರ್ಟು ತಳ್ಳಿಹಾಕಿದ್ದು 1963ರಲ್ಲಿ. ಬಾಗಿಲೇನೋ ತೆರೆಯಿತು. 2023ರಲ್ಲಿ ಪ್ರತಿ 1 ಲಕ್ಷ ಜೀವಂತ ಜನನಕ್ಕೆ 50.3 ಕರಿಯ ತಾಯಂದಿರು ಸತ್ತರು, ಬಿಳಿಯರಲ್ಲಿ 14.5.

ಅಲ್ಲಿಯದು ಅಂತ ನಿಟ್ಟುಸಿರು ಬಿಟ್ಟು ನಾವು ಸುಮ್ಮನಾಗುವಂತಿಲ್ಲ. 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಒಂದು ಕಾಗದವನ್ನು ಬಾಬಾಸಾಹೇಬರು ಎತ್ತಿ ತೋರಿಸಿದ್ದಾರೆ. ಕಾಠಿಯಾವಾಡದ ಅಸ್ಪೃಶ್ಯ ಮೇಷ್ಟರೊಬ್ಬರ ಬಾಣಂತಿ ಹೆಂಡತಿಗೆ ಕಾಯಿಲೆ. ಕೇರಿಗೆ ಬರಲ್ಲ ಅಂದ ಡಾಕ್ಟರು. 2 ರೂಪಾಯಿ ಫೀಜಿಗೆ ಊರ ಸೇಠನ ಜಾಮೀನು ಸಿಕ್ಕ ಮೇಲೆ, ಅವಳನ್ನೇ ಕೇರಿಯಾಚೆ ತನ್ನಿ ಅಂದ. ಹಸಿ ಬಾಣಂತಿಯನ್ನು ಹೊರಗೆ ತಂದರು. ಥರ್ಮಾಮೀಟರನ್ನು ಮುಸಲ್ಮಾನನೊಬ್ಬನ ಕೈಗೆ ಕೊಟ್ಟ. ಅವನು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್ಸು. ನ್ಯುಮೋನಿಯಾ ಅಂದು ಹೋದವನು ಮತ್ತೆ ಬರಲಿಲ್ಲ. ಆಕೆ ಸತ್ತಳು.

ಬಣ್ಣ ಬೇರೆ, ಜಾತಿ ಬೇರೆ, ನಿಜ. ಆದರೆ ಅಲ್ಲಿ ಕಲಿಯಲು ಕೊಯ್ಯುವಾಗ ಯಾವ ಮೈಲಿಗೆಯೂ ಅಡ್ಡ ಬರಲಿಲ್ಲ. ಇಲ್ಲಿ ಉಳಿಸಲು ಮುಟ್ಟಬೇಕಾದಾಗ ಬಂತು. ಎರಡೂ ಕಡೆ ಆ ಹೆಣ್ಣಿನ ಜೀವಕ್ಕೆ ಬೆಲೆ ಇರಲಿಲ್ಲ.

ಸಿಮ್ಸನ ಪ್ರತಿಮೆಯನ್ನು ಸೆಂಟ್ರಲ್ ಪಾರ್ಕಿನಿಂದ 2018ರಲ್ಲಿ ತೆಗೆದರು. ಅನಾರ್ಕಾ ಬರೆದಿಟ್ಟ ಒಂದು ಅಕ್ಷರವೂ ನಮಗೆ ಸಿಕ್ಕಿಲ್ಲ. ಅವಳ ನೋವಿನ ಕಥೆಯನ್ನೂ ಕೊಯ್ದವನೇ ಬರೆದ. ಕಾಠಿಯಾವಾಡದ ಮೇಷ್ಟರಿಗೆ ಅಕ್ಷರ ಗೊತ್ತಿತ್ತು, ಅದಕ್ಕೇ ಆ ಸಾವು ನಮ್ಮವರೆಗೆ ಬಂತು. ನಮ್ಮ ಕೇರಿಗಳ ಬಾಣಂತಿಯರಿಗೆ ಆದದ್ದನ್ನು, ಆಗುತ್ತಿರುವುದನ್ನು, ಹೆಸರು ತಾರೀಖು ಸಮೇತ ನಾವೇ ಬರೆದಿಡಬೇಕು. ಕೊಯ್ದವರು ಬರೆದ ಚರಿತ್ರೆ ಸಾಕು.