ಕವಲಿಗೊಂದು ಹೆಸರು: ನರಕೋಶದ ಪರಿಭಾಷೆ ಬೆಳೆದ ಬಗೆ

1837ರ ಸೆಪ್ಟೆಂಬರಿನಲ್ಲಿ ಪ್ರಾಗ್ ನಗರದಲ್ಲಿ ಜರ್ಮನ್ ನಿಸರ್ಗವಿಜ್ಞಾನಿಗಳು ಮತ್ತು ವೈದ್ಯರು ಸೇರಿದ್ದ ಸಭೆಯಲ್ಲಿ ಯಾನ್ ಪುರ್ಕಿನ್ಯೆ ಕಿರುಮೆದುಳಿನ ದೊಡ್ಡ ಕೋಶಗಳನ್ನು ವಿವರಿಸಿದ. ಹೂಜಿಯಂಥ ಒಡಲು, ಅದರಿಂದ ಹೊರಟ ಬಾಲದಂಥ ಚಾಚು. ಅಂದಿನ ಸೂಕ್ಷ್ಮದರ್ಶಕಕ್ಕೆ ಕಂಡದ್ದು ಅಷ್ಟೇ. ಆ ಚಾಚು ಎಲ್ಲಿಗೆ ಹೋಗುತ್ತದೆ, ನರದೊಳಗಿನ ಎಳೆಗೂ ಅದಕ್ಕೂ ನಂಟುಂಟೇ ಎಂಬುದು ತಿಳಿಯುವಂತಿರಲಿಲ್ಲ. ಎಳೆಯನ್ನೂ ಕೋಶವನ್ನೂ ಬೇರೆಬೇರೆ ವಸ್ತುಗಳೆಂದೇ ಬಹುಮಂದಿ ಎಣಿಸಿದ್ದರು. ಎಳೆಯ ತಿರುಳನ್ನು ರಾಬರ್ಟ್ ರೆಮಾಕ್ 'ಆದಿಪಟ್ಟಿ' ಎಂದು ಕರೆದರೆ, ಪುರ್ಕಿನ್ಯೆಯ ಬಳಗ 'ಅಕ್ಷದಂಡ' ಎಂದಿತು. ವಸ್ತು ಏನೆಂದು ಗೊತ್ತಾಗುವ ಮೊದಲೇ ಅದಕ್ಕೆ ಎರಡು ಹೆಸರು ಬಿದ್ದಿದ್ದವು.

ಕೋಶದ ಚಾಚುಗಳಲ್ಲಿ ಎರಡು ಜಾತಿಯಿದೆ ಎಂದು ಸ್ಪಷ್ಟವಾಗಿ ತೋರಿಸಿದವನು ಬಾನ್ ನಗರದ ಒಟ್ಟೊ ಡೈಟರ್ಸ್. ಕ್ರೋಮಿಕ್ ಆಮ್ಲದಲ್ಲಿ ಹದಗೊಳಿಸಿದ ಬೆನ್ನುಹುರಿಯ ಚೂರುಗಳಿಂದ ಒಂದೊಂದೇ ಕೋಶವನ್ನು ಅವನು ಸಣ್ಣ ಸೂಜಿಯಿಂದ ಬಿಡಿಸಿ ತೆಗೆಯುತ್ತಿದ್ದ. ಹಾಗೆ ಬಿಡಿಸಿದ ಕೋಶದಲ್ಲಿ ಹಲವಾರು ಕವಲೊಡೆದ ಚಾಚುಗಳೂ ಕವಲಿಲ್ಲದ ಒಂದೇ ಒಂದು ನೀಳ ಎಳೆಯೂ ಕಂಡವು. ಮೊದಲನೆಯವು ಅವನ ಮಾತಿನಲ್ಲಿ ಜೀವದ್ರವ್ಯದ ಚಾಚುಗಳು; ಎರಡನೆಯದು ಅದೇ ಹಳೆಯ ಅಕ್ಷದಂಡ. 1863ರಲ್ಲಿ, ಮೂವತ್ತು ತುಂಬುವ ಮೊದಲೇ, ಅವನು ಟೈಫಸ್ ಜ್ವರಕ್ಕೆ ಬಲಿಯಾದ. ಅವನ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ಮಾಕ್ಸ್ ಶುಲ್ಟ್ಸೆ ಜೋಡಿಸಿ 1865ರಲ್ಲಿ ಪುಸ್ತಕವಾಗಿ ತಂದ. ಇಂದಿಗೂ ನಿಂತಿರುವ ಮೂಲ ವಿಂಗಡಣೆ ಸೂಜಿಯ ಮೊನೆಯಲ್ಲಿ ಮೂಡಿದ್ದು.

1873ರಲ್ಲಿ ಕಾಮಿಲ್ಲೊ ಗಾಲ್ಜಿ ಪೊಟ್ಯಾಸಿಯಂ ಡೈಕ್ರೊಮೇಟ್ ಮತ್ತು ಬೆಳ್ಳಿಯ ನೈಟ್ರೇಟ್ ಬಳಸಿದ ತನ್ನ ಕಪ್ಪು ಲೇಪನ ವಿಧಾನವನ್ನು ಪ್ರಕಟಿಸಿದ. ಸಾವಿರಾರು ಕೋಶಗಳ ನಡುವೆ ಬೆರಳೆಣಿಕೆಯವು ಮಾತ್ರ, ಆದರೆ ತುದಿಯಿಂದ ಬುಡದವರೆಗೆ, ಕಪ್ಪಾಗುತ್ತಿದ್ದವು. ಎಳೆ ದೂರಕ್ಕೆ ಸಾಗುವ ಕೋಶಗಳು ಒಂದನೆಯ ಬಗೆ, ಹತ್ತಿರದಲ್ಲೇ ಕವಲಾಗಿ ಕರಗುವಂಥವು ಎರಡನೆಯ ಬಗೆ ಎಂದು ಅವನು ವಿಂಗಡಿಸಿದ. ಕವಲೊಡೆದ ಚಾಚುಗಳು ಪೋಷಣೆಗಷ್ಟೇ ಇರುವವು, ಸಂದೇಶ ಹರಿಯುವುದು ಎಳೆಗಳು ಬೆಸೆದುಕೊಂಡ ಬಲೆಯಲ್ಲಿ ಎಂಬುದು ಅವನ ನಂಬಿಕೆ. 1888ರಲ್ಲಿ ಬಾರ್ಸಿಲೋನಾದಲ್ಲಿದ್ದ ಸಾಂಟಿಯಾಗೊ ರಮೋನ್ ಇ ಕಾಹಾಲ್ ಅದೇ ಲೇಪನವನ್ನು ಹಕ್ಕಿಯ ಕಿರುಮೆದುಳಿನ ಮೇಲೆ ಬಳಸಿ, ಬೆಸುಗೆ ಎಲ್ಲೂ ಇಲ್ಲ, ಕೋಶಗಳು ತಾಗಿಕೊಂಡಿರುತ್ತವೆ ಅಷ್ಟೇ ಎಂಬ ತೀರ್ಮಾನಕ್ಕೆ ಬಂದ. 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂದಾಗ ಗಾಲ್ಜಿ ತನ್ನ ಭಾಷಣವನ್ನು ಕಾಹಾಲನ ವಾದವನ್ನು ಅಲ್ಲಗಳೆಯಲು ಬಳಸಿಕೊಂಡ. ಕಾಹಾಲ್ ಅದೇ 1888ರಲ್ಲಿ ಕಂಡಿದ್ದ, ಕವಲುಗಳ ಮೇಲಿನ ಸಣ್ಣ ಮುಳ್ಳುಗಳನ್ನು ಲೇಪನದ ಕಲೆಯೆಂದು ತಳ್ಳಿಹಾಕಿದವರೂ ಇದ್ದರು. 1959ರಲ್ಲಿ ಇ. ಜಿ. ಗ್ರೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಮುಳ್ಳುಗಳ ಮೇಲೆ ಸಂಧಿಗಳನ್ನು ತೋರಿಸಿದ.

ಇಂದು ಶಾಲಾ ಪುಸ್ತಕದಲ್ಲಿರುವ ಹೆಸರುಗಳೆಲ್ಲ ಹತ್ತು ವರ್ಷದೊಳಗೆ ಬಂದವು. ವಿಲ್ಹೆಲ್ಮ್ ಹಿಸ್ 1889ರಲ್ಲಿ ಮರದ ಗ್ರೀಕ್ ಹೆಸರಿನಿಂದ ಡೆಂಡ್ರೈಟ್ ಎಂಬ ಪದ ಕಟ್ಟಿದ. 1891ರಲ್ಲಿ ವಾಲ್ಡಯರ್ ಇಡೀ ಕೋಶಕ್ಕೆ ನ್ಯೂರಾನ್ ಎಂದ. ಎರಡು ವರ್ಷ ಕಳೆದು ಇಂಗ್ಲೆಂಡಿನ ಶೇಫರ್ ಅದೇ ಪದವನ್ನು ಬರಿಯ ಎಳೆಗೆ ಬಳಸಿದ. ಎಳೆಗೆ ಆಕ್ಸಾನ್ ಎಂಬ ಹೆಸರನ್ನು ಕೊಲಿಕರ್ 1896ರಲ್ಲಿ ಕೊಟ್ಟ. ಆದರೂ ಜರ್ಮನ್ ಪುಸ್ತಕಗಳಲ್ಲಿ ಇವತ್ತಿಗೂ 'ನ್ಯೂರೈಟ್' ಎಂದರೆ ಆಕ್ಸಾನ್. ಇಂಗ್ಲಿಷಿನಲ್ಲಿ ಅದೇ ಪದ ಯಾವ ಚಾಚಿಗಾದರೂ ಸಲ್ಲುತ್ತದೆ. 1897ರಲ್ಲಿ ಮೈಕೆಲ್ ಫಾಸ್ಟರನ ಶರೀರಕ್ರಿಯಾಶಾಸ್ತ್ರದ ಪಠ್ಯಕ್ಕಾಗಿ ಷೆರಿಂಗ್ಟನ್ ಕೋಶಗಳ ಸಂಧಿಗೆ 'ಸಿಂಡೆಸ್ಮ್' ಎಂಬ ಹೆಸರು ಸೂಚಿಸಿದ್ದ. ಕೇಂಬ್ರಿಜಿನ ಗ್ರೀಕ್ ವಿದ್ವಾಂಸ ವೆರಾಲ್ ಅದಕ್ಕಿಂತ ಸಿನಾಪ್ಸ್ ಒಳ್ಳೆಯದು, ಅದರಿಂದ ವಿಶೇಷಣ ಸಲೀಸಾಗಿ ಹುಟ್ಟುತ್ತದೆ ಎಂದ. ಆ ಸಂಧಿಯನ್ನು ಆಗಿನ್ನೂ ಯಾರೂ ಕಣ್ಣಾರೆ ಕಂಡಿರಲಿಲ್ಲ. ವ್ಯಾಕರಣದ ಅನುಕೂಲ ನೋಡಿ ಹೆಸರು ನಿಂತಿತು.

ಹೆಸರುಗಳು ನೆಲೆಗೊಂಡರೂ ವ್ಯಾಖ್ಯೆಗಳು ನೆಲೆಗೊಳ್ಳಲಿಲ್ಲ. 1891ರಲ್ಲಿ ಕಾಹಾಲ್ ಮತ್ತು ಬೆಲ್ಜಿಯಂನ ವಾನ್ ಗೆಹುಖ್ಟೆನ್ ಪ್ರತಿಪಾದಿಸಿದ ನಿಯಮದ ಪ್ರಕಾರ ಸಂದೇಶ ಡೆಂಡ್ರೈಟಿನಿಂದ ಒಳಬಂದು ಆಕ್ಸಾನಿನಿಂದ ಹೊರಹೋಗುತ್ತದೆ. ಹಾಗಾದರೆ ಬೆರಳ ತುದಿಯ ಸ್ಪರ್ಶವನ್ನು ತರುವ ಸಂವೇದನಾ ಕೋಶದ ಗತಿಯೇನು? ಅದರ ಒಡಲು ಬೆನ್ನುಹುರಿಯ ಪಕ್ಕದ ಗಂಟಿನಲ್ಲಿದೆ. ಒಂದೇ ಕಾಂಡ ಎರಡಾಗಿ ಸೀಳಿ, ಒಂದು ಕವಲು ಚರ್ಮದ ಕಡೆಗೂ ಇನ್ನೊಂದು ಬೆನ್ನುಹುರಿಗೂ ಹೋಗುತ್ತದೆ. ಚರ್ಮದಿಂದ ಬರುವ ಕವಲು ಸಂದೇಶವನ್ನು ಒಳತರುವುದರಿಂದ ಕೆಲಸದಲ್ಲಿ ಡೆಂಡ್ರೈಟ್. ರೂಪದಲ್ಲಾದರೋ ನೀಳ, ಅನೇಕ ವೇಳೆ ಮಯಲಿನ್ ಕವಚ ಹೊದ್ದ, ಸಾಕ್ಷಾತ್ ಆಕ್ಸಾನ್. ರೆಟಿನಾದ ಕೆಲವು ಕೋಶಗಳಿಗೆ ನೀಳ ಎಳೆಯೇ ಇಲ್ಲವೆಂದು ಕಾಹಾಲನೇ 'ಅಮಾಕ್ರೈನ್' ಎಂಬ ಹೆಸರು ಕೊಡಬೇಕಾಯಿತು. ಅವುಗಳ ಅದೇ ಕವಲುಗಳು ಸಂದೇಶ ಪಡೆಯುತ್ತವೆ, ಕೊಡುತ್ತವೆ. ರೂಪ ನೋಡಿ ಹೆಸರಿಡಬೇಕೇ, ಕೆಲಸ ನೋಡಿಯೇ ಎಂಬುದು ಇಲ್ಲಿಂದ ಮುಂದೆ ಬಿಡದೆ ಕಾಡಿದ ಪ್ರಶ್ನೆ.

ಅಂಗರಚನೆಯ ಹೆಸರುಗಳಿಗೆ ಏಕರೂಪ ತರುವ ಮೊದಲ ದೊಡ್ಡ ಪ್ರಯತ್ನ 1895ರ ಬಾಸೆಲ್ ನಾಮಾವಳಿ. ಅದರ ಹಿಂದೆ ದುಡಿದವರಲ್ಲಿ ಡೆಂಡ್ರೈಟಿನ ಹಿಸ್ ಕೂಡ ಇದ್ದ. ಲ್ಯಾಟಿನ್ ಹೆಸರುಗಳ ಆ ಪಟ್ಟಿ ಓದುವ ವೈದ್ಯನಿಗೆ ಸಾಕಾಗುತ್ತಿತ್ತು, ಏಕೆಂದರೆ ಅರ್ಥವನ್ನು ಅವನೇ ತುಂಬಿಕೊಳ್ಳುತ್ತಿದ್ದ. ಕಂಪ್ಯೂಟರ್ ಹಾಗೆ ತುಂಬಿಕೊಳ್ಳುವುದಿಲ್ಲ. 1998ರಲ್ಲಿ ಹಣ್ಣುನೊಣ, ಯೀಸ್ಟ್ ಮತ್ತು ಇಲಿಯ ಜೀನ್ ದತ್ತಾಂಶ ಕಾಯುತ್ತಿದ್ದವರು ಸೇರಿ ಆರಂಭಿಸಿದ ಜೀನ್ ಆಂಟಾಲಜಿ ಎಂಬ ಹಂಚಿಕೆಯ ಪದಕೋಶದಲ್ಲಿ ಪ್ರತಿ ಪದಕ್ಕೂ ಒಂದು ಸಂಖ್ಯೆ, ಒಂದು ಬರೆದ ವ್ಯಾಖ್ಯೆ, ಪರ್ಯಾಯ ಹೆಸರುಗಳು ಮತ್ತು ಉಳಿದ ಪದಗಳೊಡನೆ ನಂಟು ಇರುತ್ತವೆ. ನಂಟಿನಲ್ಲಿ ಮುಖ್ಯವಾದವು ಎರಡು: 'ಇದು ಅದರ ಒಂದು ಬಗೆ', 'ಇದು ಅದರ ಒಂದು ಭಾಗ'. ಡೆಂಡ್ರೈಟಿನ ಮುಳ್ಳು ಡೆಂಡ್ರೈಟಿನ ಭಾಗ. ಡೆಂಡ್ರೈಟ್ ನ್ಯೂರಾನಿನ ಚಾಚುಗಳ ಒಂದು ಬಗೆ. ಹೀಗಾಗಿ ಮುಳ್ಳಿನಲ್ಲಿ ಸಿಕ್ಕಿದ ಪ್ರೋಟೀನನ್ನು ಡೆಂಡ್ರೈಟ್ ಎಂದು ಹುಡುಕಿದವನೂ ಕಾಣುತ್ತಾನೆ. ಆಕ್ಸಾನಿನ ಸಂಖ್ಯೆ 0030424. ಅದರ ವ್ಯಾಖ್ಯೆ ನೀಳತೆಯನ್ನೂ ಹೇಳುತ್ತದೆ, ಸಂದೇಶವನ್ನು ಒಡಲಿನಿಂದ ಆಚೆಗೆ ಒಯ್ಯುವ ಕೆಲಸವನ್ನೂ ಹೇಳುತ್ತದೆ; ಆದರೆ ಆಚೆಗೆ ಎಂಬುದರ ಮುಂದೆ 'ಸಾಮಾನ್ಯವಾಗಿ' ಎಂಬ ಅರ್ಥದ ಪದವೊಂದಿದೆ. ಬೆರಳ ತುದಿಯ ಆ ಕೋಶಕ್ಕೆ ಜಾಗ ಸಿಕ್ಕಿರುವುದು ಈ ಒಂದು ಪದದಲ್ಲಿ.

ಭಾಗಗಳನ್ನು ಹೆಸರಿಸುವುದಕ್ಕಿಂತ ಇಡೀ ಕೋಶಗಳನ್ನು ಬಗೆಬಗೆಯಾಗಿ ವಿಂಗಡಿಸುವುದು ಕಷ್ಟ. ಮೆದುಳಿನ ತೊಗಟೆಯ ಅಂತರನ್ಯೂರಾನುಗಳ ಪರಿಭಾಷೆಯನ್ನು ಒಪ್ಪಲೆಂದು ತಜ್ಞರು 2005ರಲ್ಲಿ ಕಾಹಾಲ್ ಹುಟ್ಟಿದ ಪೆತಿಯಾ ಹಳ್ಳಿಯಲ್ಲಿ ಸೇರಿದರು. 2008ರಲ್ಲಿ ಪ್ರಕಟವಾದ ಅವರ ಒಪ್ಪಂದ ಬಗೆಗಳ ಪಟ್ಟಿ ಕೊಡಲಿಲ್ಲ. ಆಕಾರ, ಅಣುಗಳು, ವಿದ್ಯುತ್ ವರ್ತನೆ ಇವುಗಳಲ್ಲಿ ಯಾವುದನ್ನೆಲ್ಲ ವರ್ಣಿಸಬೇಕು ಎಂಬುದನ್ನಷ್ಟೇ ಹೇಳಿತು. ಅದು ಜಾಣತನವೇ ಸರಿ. 2013ರ ಒಂದು ಪ್ರಯೋಗದಲ್ಲಿ 42 ತಜ್ಞರು ಒಂದೇ ಕೋಶಗಳ ಚಿತ್ರ ನೋಡಿ ಹೆಸರಿಸಿದಾಗ, ತೂಗುದೀಪದ ಆಕಾರದ ಕೋಶವನ್ನು ಸುಲಭವಾಗಿ ಒಪ್ಪಿದವರು ಬಳಕೆಯ ಇತರ ಕೆಲವು ಹೆಸರುಗಳಲ್ಲಿ ಒಮ್ಮತಕ್ಕೆ ಬರಲಿಲ್ಲ.

ಕೀಟಗಳ ಮೆದುಳು ಹಳೆಯ ಜೋಡಿಪದವನ್ನೇ ಅಲುಗಿಸುತ್ತದೆ. ಅಲ್ಲಿ ಕೋಶದ ಒಡಲು ಮೆದುಳಿನ ಅಂಚಿನಲ್ಲಿ ಕುಳಿತಿರುತ್ತದೆ. ಅದರಿಂದ ಹೊರಟ ಒಂದೇ ಎಳೆ ಒಳಗೆ ಹೋಗಿ ಕವಲೊಡೆದು, ಎಷ್ಟೋ ಕಡೆ ಒಂದೇ ಕವಲಿನಲ್ಲಿ ಪಡೆಯುವ ಸಂಧಿಯೂ ಕೊಡುವ ಸಂಧಿಯೂ ಬೆರೆತಿರುತ್ತವೆ. 2024ರಲ್ಲಿ ಪೂರ್ಣಗೊಂಡ ಹಣ್ಣುನೊಣದ ಮೆದುಳಿನ ನಕ್ಷೆಯಲ್ಲಿ 139,255 ನ್ಯೂರಾನುಗಳನ್ನು ಗುರುತಿಸಿ 8,400ಕ್ಕೂ ಹೆಚ್ಚು ಬಗೆಗಳಾಗಿ ವಿಂಗಡಿಸಲಾಯಿತು. ಡೆಂಡ್ರೈಟ್ ಎನ್ನಲೂ ಆಗದ, ಆಕ್ಸಾನ್ ಎನ್ನಲೂ ಆಗದ ಇಂಥ ಕವಲುಗಳಿಗಾಗಿ ಹಂಚಿಕೆಯ ಪದಕೋಶದಲ್ಲಿ ಎರಡಕ್ಕೂ ಮೇಲಿನ ಪದ ತೆರೆದಿದೆ: ನ್ಯೂರಾನಿನ ಚಾಚು.